ವೀದಾ: ಕವಡೆ ಕೊಟ್ಟು ಮನುಷ್ಯರನ್ನು ಕೊಂಡ ಊರು

ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಿಗೆ ಬರುತ್ತಿದ್ದ ಕಚ್ಚಾ ಬೀಜದಲ್ಲಿ ಒಂದು ಪಾಲು ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ್ದು. ನಾನು ಕೊಟೊನು ನಗರಕ್ಕೆ ಹೋಗಿದ್ದೂ ಅದೇ ಕೆಲಸಕ್ಕೆ. ಗೋದಾಮು, ಬೀಜದ ತೇವಾಂಶ, ದರದ ಚೌಕಾಸಿ, ಇವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬರೆಯಲೇಬೇಕು ಅನ್ನಿಸಿದ್ದು ಒಂದು ಭಾನುವಾರ ನೋಡಿದ ವೀದಾ ಊರಿನ ಬಗ್ಗೆ.

ಕೊಟೊನುವಿನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ಕೆಂಪು ಮಣ್ಣು, ತೆಂಗು, ಮೈಗೆ ಅಂಟುವ ಸೆಕೆ. ಊರ ನಡುವೆ ಹೆಬ್ಬಾವಿನ ಗುಡಿ, ಎದುರಿಗೇ ದೊಡ್ಡ ಚರ್ಚು. ಪ್ರವಾಸಿಗಳು ಹಾವನ್ನು ಕೊರಳಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗದು ಹಿಡಿಸಲಿಲ್ಲ. ಅಲ್ಲಿನವರು ಕೈಮುಗಿಯುವ ಹಾವು ಅದು. ಪೋರ್ಚುಗೀಸರ ಹಳೇ ಕೋಟೆ ರಿಪೇರಿಗೆಂದು ಮುಚ್ಚಿತ್ತು.

ಚೌಕದಿಂದ ಕಡಲಿಗೆ ಹೆಚ್ಚುಕಡಿಮೆ 4 ಕಿ.ಮೀ. ದಾರಿ. ಇದಕ್ಕೇ ಗುಲಾಮರ ಹಾದಿ ಅನ್ನುತ್ತಾರೆ. ಸುಮಾರು ಇನ್ನೂರು ವರ್ಷಗಳಲ್ಲಿ ಈ ಒಂದು ಊರಿನಿಂದಲೇ ಹತ್ತಿರ ಹತ್ತಿರ 10 ಲಕ್ಷ ಜನರನ್ನು ಹಡಗಿಗೆ ತುಂಬಿದರು. ಇಡೀ ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿಸಲೆಂದು ಹಡಗು ಹತ್ತಿಸಿದವರು ಸುಮಾರು 1.25 ಕೋಟಿ. ಆಚೆ ದಡ ಮುಟ್ಟಿದವರು 1.07 ಕೋಟಿ. ಉಳಿದವರು ದಾರಿಯಲ್ಲೇ ಸತ್ತರು. ದಾರಿಯಲ್ಲಿ ಮರೆವಿನ ಮರ ಇದ್ದ ಜಾಗ ಸಿಗುತ್ತದೆ. ಗಂಡಸರನ್ನು 9 ಸುತ್ತು, ಹೆಂಗಸರನ್ನು 7 ಸುತ್ತು ಹಾಕಿಸುತ್ತಿದ್ದರಂತೆ, ಊರು, ಹೆಸರು ಎಲ್ಲ ಮರೆತುಹೋಗಲಿ ಅಂತ.

ನಮ್ಮ ಗೈಡ್ ಇಂಗ್ಲಿಷ್ ಬಲ್ಲ ಹಿರಿಯರು. ದಾರಿಬದಿಯ ಅಂಗಡಿಯೊಂದರಲ್ಲಿ ಕವಡೆಯ ಸರ ಎತ್ತಿ ತೋರಿಸಿ, "ಇದು ನಿಮ್ಮ ಕಡೆಯದು, ಗೊತ್ತಾ?" ಎಂದರು. ನಾನು ಸುಮ್ಮನೆ ನೋಡಿದೆ. ನಮ್ಮೂರ ಜೋಯಿಸರು ಪ್ರಶ್ನೆ ಇಡುವಾಗ ಮಣೆಯ ಮೇಲೆ ಹರಡುವ ಅದೇ ಕವಡೆ. ಮಾಲ್ಡೀವ್ಸ್ ದ್ವೀಪಗಳಲ್ಲಿ ಆರಿಸಿದ್ದು. ಯುರೋಪಿನ ಹಡಗುಗಳು ಅದನ್ನು ತಳದ ಭಾರಕ್ಕೆಂದು ತುಂಬಿಕೊಂಡು ಆಂಸ್ಟರ್‌ಡ್ಯಾಮ್‌ಗೋ ಲಂಡನ್ನಿಗೋ ಒಯ್ಯುತ್ತಿದ್ದವು. ಅಲ್ಲಿ ಹರಾಜಾಗಿ ಇಲ್ಲಿಗೆ ಬರುತ್ತಿತ್ತು. ಇಲ್ಲಿ ಅದೇ ದುಡ್ಡು. ಹೀಗೆ ಬಂದದ್ದು ನೂರಾರು ಕೋಟಿ ಕವಡೆ. ಜೊತೆಗೆ ಕೋರಮಂಡಲ, ಗುಜರಾತುಗಳ ಹತ್ತಿ ಬಟ್ಟೆ, ಬ್ರೆಜಿಲಿನ ಹೊಗೆಸೊಪ್ಪು, ಬಂದೂಕು, ಸಾರಾಯಿ. ಇವನ್ನು ಕೊಟ್ಟು ಮನುಷ್ಯರನ್ನು ಕೊಂಡರು. ಗುಲಾಮರ ವ್ಯಾಪಾರ ಅಂದರೆ ಬಿಳಿಯರದ್ದು, ಅಮೆರಿಕದ್ದು ಅಂತಷ್ಟೇ ಶಾಲೆಯಲ್ಲಿ ಓದಿದ್ದೆ. ನಮ್ಮ ಪಕ್ಕದ ಕಡಲಿನ ಸರಕೂ, ನಮ್ಮ ನೇಕಾರರ ಬಟ್ಟೆಯೂ ಅದರೊಳಗೆ ಇತ್ತು ಅಂತ ಯಾರೂ ಹೇಳಿರಲಿಲ್ಲ.

"ಮಾರಿದವರು ಯಾರು?" ಎಂದು ಕೇಳಿದೆ.

"ನಮ್ಮ ದೊರೆಗಳೇ," ಎಂದರು ಅವರು, ದನಿ ತಗ್ಗಿಸದೆ. ಆಗ ಇಲ್ಲಿದ್ದ ದಾಹೋಮಿ ರಾಜ್ಯದ ದೊರೆ ಅಗಾಜ 1727ರಲ್ಲಿ ಈ ಊರನ್ನು ಗೆದ್ದ. ಆಮೇಲೆ ದೊರೆಯ ಸೈನ್ಯ ಸುತ್ತಲಿನ ಊರುಗಳ ಮೇಲೆ ಬಿದ್ದು ಜನರನ್ನು ಹಿಡಿದು ತರುತ್ತಿತ್ತು. 1818ರಲ್ಲಿ ಪಟ್ಟಕ್ಕೆ ಬಂದ ಗೇಜೋಗೆ ಬೆನ್ನಿಗೆ ನಿಂತವನು ಬ್ರೆಜಿಲಿನಿಂದ ಬಂದ ವ್ಯಾಪಾರಿ ಫ್ರಾನ್ಸಿಸ್ಕೊ ಫೆಲಿಕ್ಸ್ ದೆ ಸೋಜ. ಅದಕ್ಕೆ ಪ್ರತಿಯಾಗಿ ಅವನಿಗೆ ಚಾಚಾ ಎಂಬ ಬಿರುದು ಸಿಕ್ಕಿತು. ಅವನ ವಂಶದವರು ಈಗಲೂ ಊರಿನ ದೊಡ್ಡ ಕುಳ. ಗುಲಾಮರಾಗಿ ಬ್ರೆಜಿಲಿಗೆ ಹೋಗಿ, ಬಿಡುಗಡೆಯಾಗಿ ವಾಪಸ್ ಬಂದವರ ಮನೆತನಗಳೂ ಇಲ್ಲೇ ಇವೆ.

"ಹಾಗಾದ್ರೆ ಜಗಳ ಇಲ್ವಾ?"

"ಮದುವೆ ಮಾತುಕತೆ ಬಂದಾಗ ಮುದುಕರು ಯಾವ ಮನೆಯವರು ಅಂತ ವಿಚಾರಿಸ್ತಾರೆ. ಬಾಯಿಬಿಟ್ಟು ಯಾರೂ ಏನೂ ಹೇಳೋದಿಲ್ಲ."

ನಮ್ಮ ಊರುಗಳಲ್ಲೂ ಮದುವೆ ಮಾತಿನ ಹೊತ್ತಿಗೇ ಹಳೆಯದೆಲ್ಲ ಮೇಲೆ ಬರುತ್ತದಲ್ವಾ? ನಾನು ಮುಂದೆ ಕೇಳಲಿಲ್ಲ.

ಕಡಲ ದಡದಲ್ಲಿ ಕಮಾನು ನಿಂತಿದೆ. ತಿರುಗಿ ಬಾರದ ಬಾಗಿಲು ಅಂತ 1990ರ ದಶಕದಲ್ಲಿ ಕಟ್ಟಿದ್ದು. ಹತ್ತಿರದಲ್ಲೇ ಪ್ರವಾಸಿಗಳಿಗೆಂದು ದೊಡ್ಡ ಕಾಮಗಾರಿ ನಡೆದಿತ್ತು. ಈ ದಡದಲ್ಲಿ ಅಷ್ಟೊಂದು ಸಿಂಗಾರ ಬೇಕಾಗಿರಲಿಲ್ಲ.

1860ರಲ್ಲಿ ಕ್ಲೊಟಿಲ್ಡಾ ಎಂಬ ಅಮೆರಿಕದ ಹಡಗು ಇಲ್ಲಿಂದ ಸುಮಾರು 110 ಜನರನ್ನು ಅಲಬಾಮಾಕ್ಕೆ ಕದ್ದು ಸಾಗಿಸಿತು. 1808ರಿಂದಲೇ ಅಮೆರಿಕ ಗುಲಾಮರನ್ನು ಹೊರಗಿನಿಂದ ತರಿಸುವುದನ್ನು ನಿಷೇಧಿಸಿತ್ತು! ಬ್ರಿಟನ್ 1807ರಲ್ಲೇ ಗುಲಾಮರ ವ್ಯಾಪಾರದ ವಿರುದ್ಧ ಕಾನೂನು ಮಾಡಿತ್ತು. ಕಾನೂನು ಬಂದು ಅರ್ಧ ಶತಮಾನ ಕಳೆದರೂ ಹಡಗು ಬರುತ್ತಿತ್ತು. ಸುಳಿವು ಸಿಗದಿರಲೆಂದು ಕ್ಯಾಪ್ಟನ್ ಹಡಗಿಗೇ ಬೆಂಕಿ ಇಟ್ಟ. ಅದರ ಅವಶೇಷ ಪತ್ತೆಯಾಗಿದ್ದು 2019ರಲ್ಲಿ. ಅದರಲ್ಲಿ ಗುಲಾಮರಾಗಿ ಹೋದ ಕೊಸ್ಸೊಲ ಎಂಬವರು 1935ರವರೆಗೂ ಬದುಕಿದ್ದರು. ಅಲ್ಲಿ ಬಿಡುಗಡೆ ಸಿಕ್ಕಮೇಲೆ ಆ ಹಡಗಿನಲ್ಲಿ ಹೋದವರಿಗೆಲ್ಲ ಊರಿಗೆ ಮರಳುವ ಆಸೆ. ಹಡಗಿಗೆ ದುಡ್ಡಿಲ್ಲ. ಕೂಲಿ ಮಾಡಿ ಜಾಗ ಕೊಂಡು ಅಲ್ಲೇ ಆಫ್ರಿಕಾಟೌನ್ ಕಟ್ಟಿಕೊಂಡರು. ನನ್ನ ಸಿಟ್ಟು ಇನ್ನೂ ಇಳಿಯದಿರುವುದು ಇನ್ನೊಂದು ಲೆಕ್ಕಕ್ಕೆ. ಗುಲಾಮಗಿರಿಯನ್ನೇ ರದ್ದುಮಾಡಿದ 1833ರ ಕಾನೂನಿನಲ್ಲಿ ಬ್ರಿಟನ್ ಪರಿಹಾರಕ್ಕೆಂದು 2 ಕೋಟಿ ಪೌಂಡ್ ಎತ್ತಿಟ್ಟಿತು. ಅದು ಹೋಗಿದ್ದು ಒಡೆಯರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ.

ಹೊರಡುವಾಗ ಟ್ಯಾಕ್ಸಿಯವನು ಒಪ್ಪಿದ ಬಾಡಿಗೆಯ ದುಪ್ಪಟ್ಟು ಕೇಳಿದ. ಸುಡುವ ಬಿಸಿಲಿನಲ್ಲಿ ಅರ್ಧ ಗಂಟೆ ವಾದ. ಹೋಗುವವರು ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಹತ್ತು ಸಾವಿರ ಫ್ರಾಂಕಿನ ನೋಟಿಗೆ ಚಿಲ್ಲರೆ ಸಿಗುವುದಿಲ್ಲ, ಸಣ್ಣ ನೋಟು ಇಟ್ಟುಕೊಳ್ಳಿ. ಫ್ರೆಂಚ್ ಬಾರದಿದ್ದರೆ ಇಂಗ್ಲಿಷ್ ಬಲ್ಲ ಗೈಡನ್ನು ಮೊದಲೇ ಗೊತ್ತುಮಾಡಿ. ಕೊಟೊನುವಿಗೆ ಹೋಗುವ ನಮ್ಮ ಗೇರುಬೀಜದವರಲ್ಲಿ ಒಂದು ಮಾತು: ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ ಆ ನಾಲ್ಕು ಕಿಲೋಮೀಟರನ್ನು ಕಾರು ಹತ್ತದೆ ನಡೆದೇ ಮುಗಿಸಿ.