ಶಿಶುನಾಳದಿಂದ ಬಾಬಾಬುಡನ್‌ಗಿರಿಗೆ: ಹುಡುಕಾಟಕ್ಕೆಂದು ಬೈಕ್ ಹತ್ತುವವರಿಗೆ ದಾರಿಬುತ್ತಿ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟರೆ ಶಿಶುನಾಳ, ಕಾಗಿನೆಲೆ, ಬಳ್ಳಿಗಾವಿ, ಉಡುತಡಿ, ಕೊಡಚಾದ್ರಿ, ಕುಂದಾದ್ರಿ, ಶೃಂಗೇರಿ, ಬಾಬಾಬುಡನ್‌ಗಿರಿ ಇಷ್ಟನ್ನೂ ಒಂದೇ ಸುತ್ತಿನಲ್ಲಿ ಪೋಣಿಸಬಹುದು. ಶರೀಫರು, ಕನಕದಾಸರು, ಅಲ್ಲಮ, ಅಕ್ಕಮಹಾದೇವಿ, ಜೈನ ಮುನಿ ಕುಂದಕುಂದಾಚಾರ್ಯರು, ಶಂಕರರು, ಸೂಫಿ ಸಂತ ದಾದಾ ಹಯಾತ್ ಮೀರ್ ಖಲಂದರ್. ಬದುಕಿನ ಅರ್ಥ ಹುಡುಕಿದವರ ನೆನಪು ಇಷ್ಟು ಒತ್ತಾಗಿರುವ ದಾರಿ ನಮ್ಮ ಮನೆ ಬಾಗಿಲಿನಿಂದಲೇ ಶುರುವಾಗುತ್ತದೆ. ಬೈಕಿನಲ್ಲಿ ಲಡಾಖಿಗೆ ಹೋದರೆ ಮಾತ್ರ ಏನೋ ದಕ್ಕುತ್ತದೆ ಎಂದುಕೊಂಡವರು ಮೊದಲು ಈ ಸುತ್ತು ಹಾಕಬೇಕು.

ಒಟ್ಟು ಸುಮಾರು 900 ಕಿ.ಮೀ. ಆಗುತ್ತದೆ, ಅಡ್ಡದಾರಿ ಹಿಡಿದರೆ ಸಾವಿರದ ಹತ್ತಿರ. ಮೂರು ದಿನದಲ್ಲಿ ಓಡಿಸಿ ಮುಗಿಸಬಹುದು, ಆದರೆ ಆಗ ನೆನಪಿನಲ್ಲಿ ಉಳಿಯುವುದು ಡಾಂಬರು ಮತ್ತು ಸೊಂಟನೋವು. ಆರು ದಿನ ಇಟ್ಟುಕೊಳ್ಳಿ. ಮರಳುವ ದಿನವೊಂದನ್ನು ಬಿಟ್ಟರೆ ಬಯಲಿನಲ್ಲಿ ದಿನಕ್ಕೆ ಸುಮಾರು 200 ಕಿ.ಮೀ., ಮಲೆನಾಡಿನಲ್ಲಿ 120 ದಾಟದಿದ್ದರೆ ಸಾಕು. ಘಟ್ಟದ ರಸ್ತೆಯಲ್ಲಿ ತಾಸಿಗೆ 30 ಕಿ.ಮೀ. ಸರಾಸರಿ ಎಂದೇ ಲೆಕ್ಕ ಹಾಕಬೇಕು. ಹುಬ್ಬಳ್ಳಿ–ಹಾವೇರಿ ಹೆದ್ದಾರಿಯ ಲೆಕ್ಕವನ್ನು ಅಲ್ಲಿಗೆ ಒಯ್ದವರು ಕತ್ತಲಲ್ಲಿ ಕಾಡಿನ ನಡುವೆ ಸಿಕ್ಕಿಬೀಳುತ್ತಾರೆ.

ಹೊರಡುವ ಕಾಲ ದಸರೆ ಮುಗಿದ ಮೇಲಿನಿಂದ ಫೆಬ್ರುವರಿ ಕೊನೆಯವರೆಗೆ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ. ಆ ತಿಂಗಳುಗಳಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ, ತಿರುವುಗಳಲ್ಲಿ ಪಾಚಿ ಕಟ್ಟುತ್ತದೆ, ನಡೆಯಲು ಇಳಿದರೆ ಜಿಗಣೆ. ಮಳೆಯಲ್ಲಿ ಮಲೆನಾಡು ಚೆಂದ ಎಂಬುದು ನಿಜ. ಆದರೆ ಘಟ್ಟ ಹೊಸದಾಗಿದ್ದವರು ಅದನ್ನು ಬಸ್ಸಿನ ಕಿಟಕಿಯಿಂದ ನೋಡಲಿ.

ಗಾಡಿ ಯಾವುದಾದರೂ ಆದೀತು. 100 ಸಿ.ಸಿ. ಸ್ಪ್ಲೆಂಡರ್ ಒಬ್ಬರನ್ನೂ ಹತ್ತು ಕಿಲೋ ಸಾಮಾನನ್ನೂ ಮುಳ್ಳಯ್ಯನಗಿರಿಯ ಬುಡಕ್ಕೆ ಹೊತ್ತೊಯ್ಯುತ್ತದೆ, ನಿಧಾನವಾಗಿ. ಹಿಂದೆ ಇನ್ನೊಬ್ಬರು ಕೂರುವುದಾದರೆ 150 ಸಿ.ಸಿ. ಮೇಲ್ಪಟ್ಟದ್ದು ವಾಸಿ. ಮುಖ್ಯವಾದದ್ದು ಗಾಡಿಯ ಸ್ಥಿತಿ. ಎರಿ ಮಣ್ಣಿನ ಧೂಳಿನಲ್ಲಿ ಓಡಾಡಿದ ಗಾಡಿಯ ಏರ್ ಫಿಲ್ಟರ್ ನೋಡಿದರೆ ತಿಳಿಯುತ್ತದೆ: ಧೂಳು ಕಟ್ಟಿಕೊಂಡ ಫಿಲ್ಟರ್ ಸಪಾಟು ರಸ್ತೆಯಲ್ಲಿ ಗೊತ್ತಾಗದಿದ್ದರೂ, ಏರು ಸಿಕ್ಕೊಡನೆ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಕಾಗದದ ಫಿಲ್ಟರ್ ಆದರೆ ಬದಲಿಸಿ, ಸ್ಪಂಜಿನದಾದರೆ ತೊಳೆದು ಪೂರ್ತಿ ಒಣಗಿಸಿ ಎಣ್ಣೆ ಸವರಿ ಹಾಕಿ. ಹುಬ್ಬಳ್ಳಿ ಇರುವುದು ಸಮುದ್ರಮಟ್ಟದಿಂದ 650 ಮೀಟರ್ ಆಸುಪಾಸಿನಲ್ಲಿ, ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಅಲ್ಲಿ ಗಾಳಿ ತುಸು ತೆಳುವಾಗಿ ಗಾಡಿ ಸ್ವಲ್ಪ ಸೋತಂತೆ ಅನ್ನಿಸುವುದು ಸಹಜ. ಅಷ್ಟಕ್ಕೆ ಕಾರ್ಬುರೇಟರ್ ಜೆಟ್ ಮುಟ್ಟುವ ಅಗತ್ಯವಿಲ್ಲ.

ಸರ್ವಿಸನ್ನು ಹೊರಡುವ ಹಿಂದಿನ ದಿನ ಮಾಡಿಸಬೇಡಿ, ಒಂದು ವಾರ ಮೊದಲು ಮಾಡಿಸಿ. ನಡುವೆ ಧಾರವಾಡ, ಕಲಘಟಗಿ ಕಡೆ ನೂರು ಕಿಲೋಮೀಟರ್ ಓಡಿಸಿದರೆ ಸಡಿಲ ಬಿಟ್ಟ ನಟ್ಟು, ಸೋರುವ ಸೀಲು, ಸರಿಯಾಗಿ ಕೂರದ ಬ್ರೇಕ್ ಊರಲ್ಲೇ ಸಿಕ್ಕಿಬೀಳುತ್ತವೆ. ಹಿಂದಿನ ಡ್ರಮ್ ಬ್ರೇಕಿನಲ್ಲಿ ಲೈನರ್ ಸವೆತ ತೋರಿಸುವ ಬಾಣದ ಗುರುತಿರುತ್ತದೆ. ಪೆಡಲ್ ಒತ್ತಿದಾಗ ಅದು ಕೊನೆಯ ಗೆರೆಗೆ ಹತ್ತಿರವಿದ್ದರೆ ಹೊಸ ಲೈನರ್ ಹಾಕಿಸಿ. ಡಿಸ್ಕ್ ಇದ್ದರೆ ಪ್ಯಾಡಿನ ನಡುವಿನ ಗೀರು ಕಾಣಬೇಕು. ಬ್ರೇಕ್ ಆಯಿಲ್ ಎರಡು ವರ್ಷಕ್ಕಿಂತ ಹಳೆಯದಾಗಿದ್ದರೆ ಬದಲಿಸಲೇಬೇಕು. ಅದು ಗಾಳಿಯ ತೇವ ಹೀರುತ್ತದೆ, ಇಳಿಜಾರಿನಲ್ಲಿ ಡಿಸ್ಕ್ ಕಾದಾಗ ಆ ತೇವ ಆವಿಯಾಗಿ, ಲಿವರ್ ಹಿಡಿದರೂ ಬ್ರೇಕ್ ಹತ್ತುವುದಿಲ್ಲ. ಊರಿನಲ್ಲಿ ಈ ದೋಷ ಎಂದೂ ಕಾಣಿಸಿಕೊಳ್ಳದಿರುವುದರಿಂದಲೇ ಹೆಚ್ಚು ಅಪಾಯಕಾರಿ.

ಚೈನ್ ಸಡಿಲಿಕೆ ಬಹುತೇಕ ಗಾಡಿಗಳಿಗೆ 20–30 ಮಿ.ಮೀ., ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಸಾಮಾನು ಹೇರಿ, ಕೂತು ನೋಡಿದಾಗ ಚೈನು ಬಿಗಿಯಾಗಿ ಎಳೆದಂತಿದ್ದರೆ ಒಂದು ಸುತ್ತು ಸಡಿಲಿಸಿ. ಬಿಗಿ ಚೈನು ಗುಂಡಿಯಲ್ಲಿ ಬೇರಿಂಗನ್ನೂ ಸ್ಪ್ರಾಕೆಟನ್ನೂ ತಿನ್ನುತ್ತದೆ. ಟೈರಿನ ಹಲ್ಲು ಅರ್ಧಕ್ಕಿಂತ ಹೆಚ್ಚು ಉಳಿದಿರಲಿ. ಗಾಳಿ ಎಷ್ಟೆಂಬುದು ಗಾಡಿಯ ಮೇಲೆ ಅಂಟಿಸಿದ ಚೀಟಿಯಲ್ಲಿದೆ, ಸಾಮಾನು ಇದ್ದಾಗ ಹಿಂದಿನ ಚಕ್ರಕ್ಕೆ ಬೇರೆ ಅಂಕಿ ಇರುತ್ತದೆ.

ಜೊತೆಗೆ ಒಯ್ಯಬೇಕಾದದ್ದು ಕಡಿಮೆ: ಕ್ಲಚ್ ವೈರ್, ಎಕ್ಸಿಲೇಟರ್ ವೈರ್, ಒಂದು ಪ್ಲಗ್ ಮತ್ತು ಅದರ ಪಾನಾ, ಎರಡು ಫ್ಯೂಸ್, ಒಂದು ಚೈನ್ ಲಾಕ್ (ಚೈನಿನ ಎರಡು ತುದಿ ಜೋಡಿಸುವ ಕೊಂಡಿ), ಹೆಡ್‌ಲೈಟ್ ಬಲ್ಬ್, ಇನ್ಸುಲೇಶನ್ ಟೇಪು, ನಾಲ್ಕು ಕೇಬಲ್ ಟೈ. ಟ್ಯೂಬ್ ಇರುವ ಗಾಡಿಗೆ ಮುಂದಿನದೊಂದು ಹಿಂದಿನದೊಂದು ಟ್ಯೂಬ್. ಪಂಕ್ಚರ್ ಅಂಗಡಿಯವರು ಸಿಕ್ಕರೂ ನಿಮ್ಮ ಅಳತೆಯ ಟ್ಯೂಬ್ ಸಿಗದಿರಬಹುದು. ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಕಿಟ್ ಮತ್ತು ಸಣ್ಣ ಪಂಪು. ಹೊಸ ಕ್ಲಚ್ ವೈರನ್ನು ಚೀಲದಲ್ಲಿ ಇಡುವ ಬದಲು ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಡಿ. ತುಂಡಾದರೆ ಟ್ಯಾಂಕ್ ಬಿಚ್ಚದೆ ಎರಡೂ ತುದಿ ಸಿಕ್ಕಿಸಿದರೆ ಮುಗಿಯಿತು. ಚೈನ್ ಲಾಕ್ ಹಾಕುವಾಗ ಕ್ಲಿಪ್ಪಿನ ಮುಚ್ಚಿದ ಬದಿ ಚೈನು ಓಡುವ ದಿಕ್ಕಿಗಿರಬೇಕು. ಉಲ್ಟಾ ಹಾಕಿದರೆ ಏನಾದರೂ ತಾಗಿ ಕ್ಲಿಪ್ಪು ಹಾರಿಹೋಗುತ್ತದೆ.

ಮೊದಲ ದಿನ ನಸುಕಿನಲ್ಲಿ ಹೊರಟು ಶಿಗ್ಗಾವಿ ತಾಲೂಕಿನ ಶಿಶುನಾಳ ನೋಡಿ. ಶರೀಫರು 1819ರಿಂದ 1889ರವರೆಗೆ ಬದುಕಿದ ಊರು, ಅವರ ಗುರು ಗೋವಿಂದ ಭಟ್ಟರ ಊರು ಕಳಸವೂ ಕುಂದಗೋಳ ತಾಲೂಕಿನಲ್ಲಿ ಹತ್ತಿರವೇ ಇದೆ. ಅಲ್ಲಿಂದ ಹೆದ್ದಾರಿ ಹಿಡಿದು ಹಾವೇರಿ, ಕಾಗಿನೆಲೆ, ಹಾನಗಲ್, ಆನವಟ್ಟಿ, ಶಿರಾಳಕೊಪ್ಪ. ಹೆದ್ದಾರಿಯಲ್ಲಿ ಲಾರಿ ದಾಟುವಾಗ ಅಡ್ಡಗಾಳಿ ತಳ್ಳುತ್ತದೆ, ಹಿಡಿಯನ್ನು ಸಡಿಲಾಗಿ ಹಿಡಿದು ವೇಗ 60–70ರಲ್ಲಿ ಇರಲಿ. ಶಿರಾಳಕೊಪ್ಪದ ಪಕ್ಕದಲ್ಲೇ ಅಲ್ಲಮನ ಹೆಸರಿನೊಂದಿಗೆ ಬೆಸೆದ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ಇವೆ. ಬಳ್ಳಿಗಾವಿಯ ಕೇದಾರೇಶ್ವರ ಗುಡಿಯಲ್ಲಿ ಮಧ್ಯಾಹ್ನದ ಹೊತ್ತು ಜನ ಕಡಿಮೆ. ಅರ್ಧ ತಾಸು ಅಲ್ಲೇ ಕೂರಿ. ರಾತ್ರಿಗೆ ಸಾಗರ ತಲುಪಿದರೆ ಒಳ್ಳೆಯದು.

ಸಾಗರದಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ, ಶರಾವತಿ ಹಿನ್ನೀರಿನ ಆಚೆಗೆ ಬಂಕನ್ನು ನಂಬಿಕೊಳ್ಳಬೇಡಿ. ಮೊದಲು ಸಿಗಂದೂರಿಗೆ ಲಾಂಚಿನಲ್ಲಿ ಗಾಡಿ ಹತ್ತಿಸಿ ದಾಟಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ತೆರೆದ ಮೇಲೆ ಯಾವ ಹೊತ್ತಿಗಾದರೂ ದಾಟಬಹುದು. ಸೇತುವೆಯ ನಡುವೆ ಗಾಡಿ ನಿಲ್ಲಿಸಿ ಫೋಟೊ ತೆಗೆಯುವುದು ಬೇಡ. ಆಚೆ ತುಮರಿ, ಬ್ಯಾಕೋಡು ಕಡೆಯಿಂದ ನಿಟ್ಟೂರಿಗೆ ಹೋಗುವ ರಸ್ತೆ ಕಿರಿದು, ತಿರುವು ಬಹಳ, ಮೊಬೈಲ್ ಸಿಗ್ನಲ್ ಕಡಿಮೆ. ನಕ್ಷೆಯನ್ನು ಸಾಗರದಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಕೊಡಚಾದ್ರಿಗೆ ನಿಮ್ಮ ಬೈಕ್ ಹತ್ತಿಸಬೇಡಿ. ಕೊನೆಯ ಹತ್ತು ಕಿಲೋಮೀಟರ್ ರಸ್ತೆ ಎಂಬುದು ಉರುಳುಗಲ್ಲು ಮತ್ತು ಕೊರಕಲು. ಅಲ್ಲಿ ಕ್ಲಚ್ ಪ್ಲೇಟ್ ಸುಟ್ಟುಕೊಂಡರೆ ಕೆಳಗಿಳಿಸಲು ಜೀಪೇ ಬೇಕು. ನಿಟ್ಟೂರಿನಿಂದಲೂ ಕೊಲ್ಲೂರಿನಿಂದಲೂ ಬಾಡಿಗೆ ಜೀಪುಗಳಿವೆ, ಕಾಲಲ್ಲಿ ಬಲವಿದ್ದವರು ನಡೆದೂ ಹತ್ತಬಹುದು. ಶಿಖರ 1,343 ಮೀಟರ್, ಮೇಲೆ ಶಂಕರರ ಸರ್ವಜ್ಞಪೀಠದ ಕಲ್ಲುಮಂಟಪ. ಜೀಪಿನಲ್ಲಿ ಬಂದವರೂ ಕೊನೆಯ ಭಾಗ ನಡೆಯಲೇಬೇಕು. ಸೂರ್ಯಾಸ್ತದ ಗುಂಪಿಗಿಂತ ಬೆಳಗಿನ ಮೊದಲ ಜೀಪು ಹಿಡಿಯುವುದು ಮೇಲು.

ಈ ಪ್ರಯಾಣದ ಮುಖ್ಯ ವಿಷಯವನ್ನು ಇಲ್ಲೇ ಹೇಳಬೇಕು. ಗಾಡಿ ಓಡಿಸುತ್ತಾ ಜೀವನದ ಬಗ್ಗೆ ಯೋಚಿಸಬಾರದು. ಘಟ್ಟದ ರಸ್ತೆಯಲ್ಲಿ ಮನಸ್ಸು ಒಂದು ಗಳಿಗೆ ಬೇರೆಡೆ ಹೋದರೆ ಗಾಡಿ ಎದುರಿನ ಬಸ್ಸಿನ ಸಾಲಿಗೆ ಹೋಗಿರುತ್ತದೆ. ಪ್ರಶ್ನೆ ಎಷ್ಟೇ ದೊಡ್ಡದಿರಲಿ, ಸ್ಟ್ಯಾಂಡ್ ತೆಗೆಯುವ ಮುಂಚೆ ಅದನ್ನು ಕೆಳಗಿಡಿ, ಸ್ಟ್ಯಾಂಡ್ ಹಾಕಿದ ಮೇಲೆ ಮತ್ತೆ ಎತ್ತಿಕೊಳ್ಳಿ. ಓಡಿಸುವ ಹೊತ್ತಿನಲ್ಲಿ ಮುಂದಿನ ತಿರುವು, ಎಂಜಿನ್ನಿನ ಸದ್ದು, ಕೈಗೆ ಹತ್ತುವ ಅದುರು ಇವಿಷ್ಟೇ. ನಾಲ್ಕು ತಾಸು ಹಾಗೆ ಬೇರೇನೂ ಯೋಚಿಸದೆ ಓಡಿಸಿದ ಮೇಲೆ ಬೆಟ್ಟ ನಡೆದು ಹತ್ತುವಾಗ ತಲೆ ತಿಳಿಯಾಗಿರುತ್ತದೆ. ಊರಿನಲ್ಲಿ ಗೋಜಲಾಗಿದ್ದದ್ದು ಆಗ ಬಿಡಿಬಿಡಿಯಾಗಿ ಕಾಣುತ್ತದೆ. ಅದಕ್ಕೇ ಈ ಸುತ್ತಿನಲ್ಲಿ ದಿನಕ್ಕೊಂದು ನಡಿಗೆ ಇರಲೇಬೇಕು. ಗುಂಪು ಕಟ್ಟಿಕೊಂಡು ಹೋದರೆ ಇದು ಆಗದು. ಒಬ್ಬರೇ, ಇಲ್ಲವೇ ಎರಡೇ ಗಾಡಿ. ಹೆಲ್ಮೆಟ್ಟಿನೊಳಗೆ ಹಾಡೂ ಬೇಡ, ಮಾತೂ ಬೇಡ. ಮೊಬೈಲನ್ನು ಹ್ಯಾಂಡಲ್ ಮೇಲೆ ಸಿಕ್ಕಿಸಬೇಡಿ, ನೋಟ ಕದಿಯುವುದು ಒಂದು, ಅದುರಿಗೆ ಕ್ಯಾಮೆರಾ ಕೆಡುವುದು ಇನ್ನೊಂದು.

ನಿಟ್ಟೂರಿನಿಂದ ನಗರ (ಬಿದನೂರು), ತೀರ್ಥಹಳ್ಳಿ ದಾಟಿ ಆಗುಂಬೆ ದಾರಿಯಲ್ಲಿ ಕುಂದಾದ್ರಿಗೆ ತಿರುಗಬೇಕು. ಕುಂದಕುಂದಾಚಾರ್ಯರ ಹೆಸರಿನ ಈ ಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯ ನಡುವೆ ನೀರಿನ ಕೊಳ. ಬಸದಿಯ ಹತ್ತಿರದವರೆಗೂ ಡಾಂಬರು ಇದೆ, ಈ ಸುತ್ತಿನ ಕಡಿದಾದ ಏರುಗಳಲ್ಲಿ ಇದೊಂದು. ಏರುವಾಗ ತಿರುವಿಗೆ ಮುಂಚೆಯೇ ಗೇರ್ ಇಳಿಸಿ, ತಿರುವಿನ ನಡುವೆ ಕ್ಲಚ್ ಹಿಡಿದರೆ ಗಾಡಿ ನಿಂತು ಒಳಬದಿಗೆ ಬೀಳುತ್ತದೆ. ಬಯಲುಸೀಮೆಯವರು ತಪ್ಪುವುದು ಹೆಚ್ಚಾಗಿ ಇಳಿಯುವಾಗ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಬಿಟ್ಟು, ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವ ಚಾಳಿ ನಮ್ಮಲ್ಲಿ ಬಹಳ. ಡ್ರಮ್ ಕಾದು ಹಿಗ್ಗುತ್ತದೆ, ಲೈನರಿನ ಹಿಡಿತ ಹೋಗುತ್ತದೆ, ಸುಟ್ಟ ವಾಸನೆ ಮೂಗಿಗೆ ಬರುವಷ್ಟರಲ್ಲಿ ಪೆಡಲ್ ಪೂರ್ತಿ ಕೆಳಗೆ ಹೋಗಿರುತ್ತದೆ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕನ್ನು ಎರಡೂ ಸೇರಿಸಿ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಳಸಿ, ಅದೂ ತಿರುವು ಶುರುವಾಗುವ ಮುಂಚೆ. ವಾಸನೆ ಬಂದರೆ ಇಪ್ಪತ್ತು ನಿಮಿಷ ನಿಲ್ಲಿಸಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗುತ್ತದೆ.

ಕಿರಿದಾದ ಘಟ್ಟದಲ್ಲಿ ಹತ್ತುವ ಗಾಡಿಗೆ ದಾರಿ ಬಿಡುವುದು ಇಳಿಯುವವರ ಕೆಲಸ. ಕುರುಡು ತಿರುವಿನಲ್ಲಿ ಹಾರ್ನ್ ಹಾಕಿ, ಎಡಬದಿ ಬಿಡಬೇಡಿ, ಬಸ್ಸಿನ ಹಿಂಭಾಗ ತಿರುವಿನಲ್ಲಿ ನಿಮ್ಮ ಕಡೆ ಬೀಸುತ್ತದೆ ಎಂಬುದನ್ನು ಮರೆಯಬೇಡಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ತಿರುವುಗಳು ಈ ಸುತ್ತಿಗೆ ಬೇಕಾಗಿಲ್ಲ. ಅಭ್ಯಾಸಕ್ಕೆಂದು ಇಳಿದು ಹತ್ತುವುದಾದರೆ ಬೆಳಿಗ್ಗೆ ಏಳರ ಒಳಗೆ ಮುಗಿಸಿ. ಮಂಜು ಕವಿದಿದ್ದರೆ ಲೈಟ್ ಡಿಪ್‌ನಲ್ಲಿರಲಿ, ಅಪ್ಪರ್ ಹಾಕಿದರೆ ಮುಂದೆ ಬಿಳಿ ಗೋಡೆ ಎದ್ದಂತಾಗುತ್ತದೆ.

ಶೃಂಗೇರಿಯಲ್ಲಿ ಒಂದು ರಾತ್ರಿ. ಮಠದ ಪ್ರಸಾದವಿದೆ, ತುಂಗೆಯ ದಂಡೆ ಇದೆ, ಸಂಜೆಯಿಡೀ ಸುಮ್ಮನಿರಬಹುದು. ಮರುದಿನ ಬಾಳೆಹೊನ್ನೂರಿನ ರಂಭಾಪುರಿ ಪೀಠ ನೋಡಿ, ಆಲ್ದೂರು ಮೇಲೆ ಚಿಕ್ಕಮಗಳೂರು. ಕಾಫಿ ತೋಟದ ನಡುವಿನ ನೆರಳಿನಲ್ಲಿ ರಸ್ತೆ ಬೆಳಿಗ್ಗೆ ಹತ್ತರವರೆಗೂ ಒದ್ದೆ ಇರುತ್ತದೆ, ಉದುರಿದ ಎಲೆಯ ಮೇಲೆ ಬ್ರೇಕ್ ಹಿಡಿಯಬೇಡಿ.

ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಬೆಟ್ಟಕ್ಕೆ ವಾಹನಗಳ ಸಂಖ್ಯೆಯ ಮಿತಿ, ಮುಂಗಡ ನೋಂದಣಿಯ ನಿಯಮಗಳು ಬಂದಿವೆ. ಹಿಂದಿನ ದಿನವೇ ಜಿಲ್ಲಾಡಳಿತದ ಜಾಲತಾಣದಲ್ಲಿ ನೋಡಿಕೊಳ್ಳಿ, ಶನಿವಾರ ಭಾನುವಾರ ಬಿಟ್ಟು ಬೇರೆ ದಿನ ಹೋಗಿ. ಬಾಬಾಬುಡನ್‌ಗಿರಿಯ ಗುಹೆಗೆ ದತ್ತಾತ್ರೇಯರ ಹೆಸರಿನಲ್ಲೂ ದಾದಾ ಹಯಾತರ ಹೆಸರಿನಲ್ಲೂ ನಡೆದುಕೊಳ್ಳುವವರು ಬರುತ್ತಾರೆ. ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರೆಂಬ ಪ್ರತೀತಿಯ ಬಾಬಾಬುಡನ್ ಹೆಸರೂ ಇದೇ ಬೆಟ್ಟಕ್ಕೆ. ಶಿಶುನಾಳದಿಂದ ಹೊರಟವರಿಗೆ ಇದು ಹೊಸದೆನಿಸದು, ಗೋವಿಂದ ಭಟ್ಟರ ಶಿಷ್ಯ ಶರೀಫರ ನಾಡಿನವರು ನಾವು. ಮುಳ್ಳಯ್ಯನಗಿರಿಯಲ್ಲಿ ಕೊನೆಗೆ ಮೆಟ್ಟಿಲು ಹತ್ತಬೇಕು. ಗಾಳಿ ಜೋರಿರುವುದರಿಂದ ಗಾಡಿಯನ್ನು ಸೈಡ್ ಸ್ಟ್ಯಾಂಡ್ ಹಾಕಿ, ಮೊದಲ ಗೇರಿನಲ್ಲಿಟ್ಟು, ಮುಂದಿನ ಚಕ್ರ ಏರಿನ ಕಡೆಗಿರುವಂತೆ ನಿಲ್ಲಿಸಿ.

ಊಟಕ್ಕೆ ಎಲ್ಲೂ ತೊಂದರೆಯಿಲ್ಲ. ಆದರೂ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡರೆ ವಾರ ಕೆಡುವುದಿಲ್ಲ, ಹೊತ್ತು ತಪ್ಪಿದಾಗ ಕೈ ಹಿಡಿಯುತ್ತದೆ. ರೇನ್‌ಕೋಟ್ ಚಳಿಗಾಲದಲ್ಲೂ ಇರಲಿ, ಬೆಳಗಿನ ಚಳಿಗೆ ಅದೇ ಗಾಳಿತಡೆ.

ಪ್ರತಿ ಸಂಜೆ ತಂಗಿದ ಕಡೆ ಅರ್ಧ ತಾಸು ಗಾಡಿಗೆ ಮೀಸಲಿಡಿ. ಚೈನನ್ನು ಬಟ್ಟೆಯಲ್ಲಿ ಒರೆಸಿ, ಬೆಚ್ಚಗಿರುವಾಗಲೇ 90 ನಂಬರ್ ಗೇರ್ ಆಯಿಲ್ ಒಳಬದಿಗೆ ಹನಿಸಿ. ಟೈರಿನಲ್ಲಿ ಸಿಕ್ಕ ಕಲ್ಲು ತೆಗೆಯಿರಿ, ಕಡ್ಡಿಗಳನ್ನು ಬೆರಳಿನಿಂದ ತಟ್ಟಿ ಸಡಿಲ ಸದ್ದು ಬರುವುದನ್ನು ಗುರುತಿಸಿ, ಎಂಜಿನ್ ಆಯಿಲ್ ಮಟ್ಟ ನೋಡಿ, ಕನ್ನಡಿ ಮತ್ತು ಸೈಲೆನ್ಸರ್ ನಟ್ಟು ಬಿಗಿ ಮಾಡಿ. ಇದನ್ನು ಅವಸರದಲ್ಲಿ ಮುಗಿಸುವ ಕೆಲಸವೆಂದುಕೊಳ್ಳಬೇಡಿ. ಕಾಯಕ ಎಂಬ ಮಾತು ಕೇಳುತ್ತಾ ಬೆಳೆದವರಿಗೆ ಅದು ಕೈಗೆ ಹತ್ತುವ ಜಾಗ ಇದೇ.

ಮರಳುವಾಗ ತರೀಕೆರೆ, ಶಿವಮೊಗ್ಗ, ಶಿಕಾರಿಪುರ, ಮಾಸೂರು ಮೇಲೆ ಹಾವೇರಿ. ಈ ದಿನವೇ ಹೆಚ್ಚು ದೂರ, ಸುಮಾರು 300 ಕಿ.ಮೀ. ದೇಹ ದಣಿದು, ರಸ್ತೆ ನೆಟ್ಟಗಾಗಿ, ಕಣ್ಣು ಜಗ್ಗುವ ದಿನವೂ ಇದೇ. ಹಾವೇರಿಗೆ ಬರುವಷ್ಟರಲ್ಲಿ ಕತ್ತಲಾದರೆ ಅಲ್ಲೇ ಉಳಿಯಿರಿ. ಮನೆ ಮುಟ್ಟಿದ ವಾರದೊಳಗೆ ಹಿಂದಿನ ಡ್ರಮ್ ಬಿಚ್ಚಿಸಿ ಲೈನರಿನ ಪುಡಿ ತೆಗೆಸಿ, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಅಲ್ಲಾಡುತ್ತದೆಯೇ ನೋಡಿಸಿ, ಏರ್ ಫಿಲ್ಟರ್ ಮತ್ತೆ ಸ್ವಚ್ಛ ಮಾಡಿಸಿ. ಕ್ಲಚ್ ವೈರಿನ ತುದಿಯಲ್ಲಿ ಒಂದೆರಡು ಎಳೆ ಹರಿದಿದ್ದರೆ, ಪಕ್ಕದಲ್ಲಿ ಕಟ್ಟಿಟ್ಟ ಹೊಸ ವೈರನ್ನು ಆಗಲೇ ಹಾಕಿಸಿಕೊಳ್ಳಿ.