ಲೂಪ್‌ಗೆ ಇನ್ನೇನು ಸೇರಿಸಲಿ ಅಂತ ಕೇಳೋರಿಗೆ

"ಎಂಟು ಬಾರ್‌ನ ಲೂಪ್ ಸಖತ್ತಾಗಿದೆ. ಪೂರ್ತಿ ಟ್ರ್ಯಾಕ್ ಮಾಡೋಕೆ ಇನ್ನೇನು ಸೇರಿಸಲಿ?" ಎಲೆಕ್ಟ್ರಾನಿಕ್ ಸಂಗೀತ ಮಾಡಲು ಹೊರಟ ಪ್ರತಿಯೊಬ್ಬರೂ ನನ್ನನ್ನು ಇದನ್ನೇ ಕೇಳುತ್ತಾರೆ. (ಬಾರ್ ಅಂದರೆ ನಾಲ್ಕು ಬಡಿತದ ಒಂದು ಸುತ್ತು, ಲೂಪ್ ಅಂದರೆ ಮತ್ತೆ ಮತ್ತೆ ತಿರುಗುವ ತುಣುಕು.) ಏನೂ ಸೇರಿಸಬೇಡಿ. ತೆಗೆಯಿರಿ.

ಏನೋ ಕಮ್ಮಿಯಾಗಿದೆ ಅಂತ ಮೊದಲೇ ತೀರ್ಮಾನಿಸಿ ಕೇಳುತ್ತಾರಲ್ಲ, ನನಗೆ ಸಿಟ್ಟು ಬರೋದು ಅಲ್ಲೇ. ಒಮ್ಮೆ ಗೆಳೆಯನೊಬ್ಬ ಲ್ಯಾಪ್‌ಟಾಪ್ ತಂದು ಮುಂದಿಟ್ಟ. ಪ್ಯಾಡ್ (ಎಳೆದು ಹರಡಿದ ಸಿಂಥಸೈಜರ್ ದನಿ) ಮೇಲೆ ಪ್ಯಾಡ್, ಬೇಸ್ ಮೇಲೆ ಬೇಸ್, ಎಲ್ಲವೂ ಮೊದಲಿಂದ ಕೊನೆಯವರೆಗೂ ಒಟ್ಟಿಗೇ ಮೊಳಗುತ್ತಿವೆ. ಮುಂದೆ ಯಾವ ಸಿಂಥ್ ಹಾಕಲಿ ಅಂತ ಅವನ ಚಿಂತೆ. ಕಿಕ್ (ದಪ್ಪ ದನಿಯ ಡ್ರಮ್), ಬೇಸ್, ಹೈಹ್ಯಾಟ್ (ಚಿಕ್ ಚಿಕ್ ಅನ್ನೋ ತಾಳ) ಬಿಟ್ಟು ಉಳಿದದ್ದನ್ನೆಲ್ಲ ಮ್ಯೂಟ್ ಮಾಡಿದೆ. ಅವನ ತಲೆ ತಾನಾಗೇ ಆಡತೊಡಗಿತು. ಆದರೂ ಬಾಯಲ್ಲಿ, "ಖಾಲಿ ಖಾಲಿ ಅಲ್ವಾ?"

ಖಾಲಿ ಅಲ್ಲಪ್ಪಾ! ಬೇಸ್ ಕೇಳಿಸೋದೇ ಆ ಜಾಗದಲ್ಲಿ. ಕಿಕ್ಕೂ ಬೇಸೂ ಎರಡೂ ತಳದಲ್ಲೇ, 100 ಹರ್ಟ್ಸ್‌ನ ಆಸುಪಾಸಿನಲ್ಲಿ ಬಡಿದಾಡುತ್ತವೆ. ಕಿಕ್ ಬಿದ್ದಾಗ ಬೇಸ್ ತಗ್ಗಲಿ ಅಂತ ಸೈಡ್‌ಚೈನ್ ಹಾಕುತ್ತೀರಿ. ಅದೇ ಜಾಗಕ್ಕೆ ದಪ್ಪ ಪ್ಯಾಡನ್ನೂ ತುರುಕಿದರೆ ಸೈಡ್‌ಚೈನ್ ಹಾಕಿ ಏನು ಬಂತು?

ನಾನು ಮಾಡೋದು ಇಷ್ಟು. ಲೂಪನ್ನು ಉದ್ದಕ್ಕೂ ಹಾಸಿಬಿಡುತ್ತೇನೆ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬಡಿತ) ಒಂದು ಬಾರ್ 2 ಸೆಕೆಂಡ್, ಆರು ನಿಮಿಷಕ್ಕೆ 180 ಬಾರ್. ಆಮೇಲೆ ಟ್ರ್ಯಾಕ್ ಓಡುತ್ತಿರುವಾಗಲೇ ಕೈಯಿಂದ ಮ್ಯೂಟ್ ಒತ್ತುತ್ತಾ, ಫಿಲ್ಟರ್ (ದನಿಯ ಮೇಲಿನ ಅಥವಾ ಕೆಳಗಿನ ಸ್ವರಾಂಶ ತಗ್ಗಿಸುವ ಗುಂಡಿ) ತಿರುಗಿಸುತ್ತಾ ರೆಕಾರ್ಡ್ ಮಾಡುತ್ತೇನೆ. 1970ರ ದಶಕದಲ್ಲಿ ಜಮೈಕಾದ ಸೌಂಡ್ ಎಂಜಿನಿಯರ್ ಕಿಂಗ್ ಟಬ್ಬಿ ಮಿಕ್ಸಿಂಗ್ ಡೆಸ್ಕ್ ಮುಂದೆ ಹೀಗೇ ಡಬ್ ಮಾಡುತ್ತಿದ್ದರು. ಮುಗಿದ ಹಾಡಿನಿಂದ ದನಿ, ಗಿಟಾರ್ ಎಲ್ಲ ಇಳಿಸಿ, ಡ್ರಮ್ಮು ಬೇಸು ಉಳಿಸಿ, ಎಕೋ ಬಿಡುತ್ತಿದ್ದರು. ಮೌಸ್ ಹಿಡಿದು ಗೆರೆ ಎಳೆದರೆ ಆ ಉಸಿರು ಬರೋದಿಲ್ಲ. ಶುರುವಿನಲ್ಲೂ ಕೊನೆಯಲ್ಲೂ 16 ಅಥವಾ 32 ಬಾರ್ ಬರೀ ಡ್ರಮ್ಸ್ ಇರಲಿ, ಡಿಜೆಗೆ ಒಂದು ಟ್ರ್ಯಾಕಿಂದ ಇನ್ನೊಂದಕ್ಕೆ ದಾಟೋಕೆ ಅದು ಬೇಕು.

ಯಾರೂ ಕೇಳದ ಪ್ರಶ್ನೆ ಒಂದಿದೆ: ಕಿಕ್ ಎಷ್ಟು ಹೊತ್ತು ಇಲ್ಲದೇ ಇರಬಹುದು? ಇದನ್ನು ಕೇಳಿ, ರಾತ್ರಿಯೆಲ್ಲ ಮಾತಾಡುತ್ತೇನೆ. ತಾಳವನ್ನು ಆಗ ಯಾರು ಹೊತ್ತಿದ್ದಾರೆ ಅನ್ನೋದರ ಮೇಲಿದೆ ಅದು. ಸ್ವಿಂಗ್ (ತುಸು ತೂಗುವ ಲಯ) ಇರುವ ಶೇಕರ್ (ಅಲ್ಲಾಡಿಸೋ ಗಿಲಕಿ) ಓಡುತ್ತಿದ್ದರೆ 32 ಬಾರ್ ಕಿಕ್ ಇಲ್ಲದೆಯೂ ಕಾಲು ನಿಲ್ಲೋದಿಲ್ಲ. ಬರೀ ಪ್ಯಾಡ್ ತೇಲುತ್ತಿದ್ದರೆ ಎಂಟೇ ಬಾರ್‌ಗೆ ಹಿಡಿತ ಸಡಿಲ. ಕಿಕ್ ವಾಪಸ್ ಬರುವಾಗ ಬೇಸನ್ನೂ ಜೊತೆಗೇ ತರಬೇಡಿ. ಇನ್ನೊಂದು ಎಂಟು ಬಾರ್ ಕಾಯಿಸಿ.