ನೂರನೇ ಟರ್ನ್‌ಗೆ ಮುಂಚೆ

ಗದಗಿನ ಎಪಿಎಂಸಿಯಲ್ಲಿ ನಾಲ್ಕು ದಲಾಲಿ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಉದ್ಯೋಗ. ರಾತ್ರಿ ಊಟವಾದ ಮೇಲೆ ಒಂದು ತಾಸು, ಶನಿವಾರವಾದರೆ ಮೂರು ತಾಸು, ಬೆಟಗೇರಿಯ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಕುಳಿತು ಸಿವಿಲೈಸೇಶನ್ 6 ಎಂಬ ಕಂಪ್ಯೂಟರ್ ಆಟ ಆಡುತ್ತೇನೆ. ಸರದಿಯ ಮೇಲೆ ನಡೆಯುವ ಆಟವಾದ್ದರಿಂದ ಇದಕ್ಕೆ ಕೈಚಳಕ ಬೇಕಿಲ್ಲ; ಕರೆಂಟ್ ಹೋದರೂ, ಕೆಳಗಿನಿಂದ ಯಾರಾದರೂ ಕರೆದರೂ, ಆಟ ಬಿಟ್ಟಲ್ಲಿಯೇ ಕಾದಿರುತ್ತದೆ. ಕ್ರಿ.ಪೂ. 4000ದಲ್ಲಿ ಹೊಸ ಊರು ಕಟ್ಟುವ ಒಬ್ಬ ಸೆಟ್ಲರ್ ಮತ್ತು ಒಬ್ಬ ಯೋಧನೊಂದಿಗೆ ಶುರುವಾಗಿ, ಸಾಮಾನ್ಯ ವೇಗದಲ್ಲಿ 500 ಟರ್ನ್‌ಗಳವರೆಗೆ, ಅಂದರೆ ಸರದಿಗಳವರೆಗೆ, ಸಾಗುವ ಈ ಆಟದಲ್ಲಿ ಊರು ಕಟ್ಟಬೇಕು, ವಿದ್ಯೆ ಗಳಿಸಬೇಕು, ನೆರೆಯವರೊಡನೆ ವ್ಯಾಪಾರವನ್ನೋ ಯುದ್ಧವನ್ನೋ ಮಾಡಬೇಕು.

ಆಟಕ್ಕೆ ಕಷ್ಟದ ಎಂಟು ಹಂತಗಳಿವೆ. ಕೆಳಗಿನದರ ಹೆಸರೂ ಸೆಟ್ಲರ್, ಮೇಲಿನದು ಡೀಟಿ. ನಡುವಿನ ಪ್ರಿನ್ಸ್ ಹಂತದಲ್ಲಿ ನಮಗೂ ಕಂಪ್ಯೂಟರ್ ನಡೆಸುವ ಎದುರಾಳಿಗಳಿಗೂ ಯಾವ ರಿಯಾಯಿತಿಯೂ ಇಲ್ಲ. ಅದರ ಮೇಲಿನ ಕಿಂಗ್‌ನಿಂದ ಎದುರಾಳಿಗಳಿಗೆ ಉತ್ಪಾದನೆ, ವಿಜ್ಞಾನ, ಯುದ್ಧಬಲಗಳಲ್ಲಿ ಹೆಚ್ಚುವರಿ ಪಾಲು ಸಿಗತೊಡಗುತ್ತದೆ, ಮತ್ತು ಎಂಪರರ್ ಹಂತಕ್ಕೆ ಬಂದರೆ ಅವರು ಎರಡು ಸೆಟ್ಲರ್‌ಗಳೊಂದಿಗೇ ಆಟ ಆರಂಭಿಸುತ್ತಾರೆ. ಮೇಲೇರಿದಂತೆ ಅವರ ಬುದ್ಧಿಯೇನೂ ಹರಿತವಾಗುವುದಿಲ್ಲ, ಕೈಯಲ್ಲಿನ ಬಂಡವಾಳ ಮಾತ್ರ ಹೆಚ್ಚುತ್ತದೆ. ಇದನ್ನು ಮನಗಾಣಲು ನನಗೆ ಬಹಳ ದಿನ ಹಿಡಿಯಿತು. ಪ್ರಿನ್ಸ್‌ನಲ್ಲಿ ಸಲೀಸಾಗಿ ಗೆಲ್ಲುತ್ತಿದ್ದ ನಾನು ಕಿಂಗ್‌ನಲ್ಲಿ ಎರಡು ವರ್ಷ ಒಂದೇ ಕಡೆ ನಿಂತುಬಿಟ್ಟಿದ್ದೆ.

ಪ್ರತಿ ಸಲವೂ ಸೋಲು ಒಂದೇ ರೀತಿಯಲ್ಲಿ ಬರುತ್ತಿತ್ತು. ನೂರೈವತ್ತನೇ ಟರ್ನ್‌ವರೆಗೆ ಎಲ್ಲವೂ ಸುಭದ್ರವೆನಿಸುತ್ತಿತ್ತು, ಇನ್ನೂರರ ಆಸುಪಾಸಿಗೆ ಪಕ್ಕದ ರಾಜ್ಯದವರ ಬಂದೂಕುಗಳೆದುರು ನನ್ನ ಬಿಲ್ಲುಗಾರರು ನಿಂತಿರುತ್ತಿದ್ದರು. ಸೈನ್ಯ ಸಾಲಲಿಲ್ಲವೆಂದು ಮುಂದಿನ ಆಟದಲ್ಲಿ ಸೈನ್ಯ ಹೆಚ್ಚಿಸಿದೆ, ಮತ್ತೆ ಸೋತೆ. ಗೋಡೆ ಕಟ್ಟಿದೆ, ಆಗಲೂ ಸೋತೆ. ಧಾರವಾಡದಲ್ಲಿ ಕಾಲೇಜು ಓದುವ ನಮ್ಮ ಅಣ್ಣನ ಮಗ ಪಂಚಮಿಗೆ ಊರಿಗೆ ಬಂದವನು ಹಿಂದೆ ನಿಂತು ನೋಡುತ್ತಿದ್ದು, ಹೊತ್ತಾದ ಮೇಲೆ ಹೇಳಿದ: "ಕಾಕಾ, ನಿಮ್ಮವು ಮೂರ ಊರು ಅದಾವು. ಅವರವು ಒಂಬತ್ತು ಅದಾವು. ಇನ್ನ ಗ್ವಾಡಿ ಕಟ್ಟಿ ಏನ್ ಮಾಡ್ತೀರಿ?"

ಆಟವನ್ನು ಪ್ರತಿ ಟರ್ನ್‌ಗೂ ತಾನಾಗಿ ಉಳಿಸಿಕೊಳ್ಳುವಂತೆ ಹೊಂದಿಸಿದ್ದೆ. ಅಂದು ರಾತ್ರಿ ಸೋತ ಆಟವನ್ನು ಮುಂದುವರಿಸುವ ಬದಲು ಅದರ ಅರವತ್ತನೇ ಟರ್ನ್ ತೆರೆದು, ಏನನ್ನೂ ಒತ್ತದೆ, ನಕ್ಷೆಯನ್ನಷ್ಟೇ ನೋಡುತ್ತಾ ಕುಳಿತೆ. ಆಗಲೇ ಎದುರಾಳಿಗೆ ಐದು ಊರುಗಳಿದ್ದವು, ನನಗೆ ಎರಡು. ಇನ್ನೂರನೇ ಟರ್ನ್‌ನಲ್ಲಿ ಕಂಡ ಸೋಲು ಅರವತ್ತರ ಹೊತ್ತಿಗೇ ಬರೆದಾಗಿತ್ತು.

ಮರುದಿನವೇ ಅಂಗಡಿಯಲ್ಲಿ ರೋಜುಕಿರ್ದಿ ಬರೆಯುವಂಥದೇ ಒಂದು ಉದ್ದನೆಯ ನೋಟ್‌ಬುಕ್ ತಂದು ಗೆರೆ ಎಳೆದೆ. 50, 75 ಮತ್ತು 100ನೇ ಟರ್ನ್ ಬಂದಾಗ ಆಟ ನಿಲ್ಲಿಸಿ ಊರುಗಳ ಸಂಖ್ಯೆ, ಒಟ್ಟು ಜನಸಂಖ್ಯೆ, ಪ್ರತಿ ಟರ್ನ್‌ನ ವಿಜ್ಞಾನ, ಸಂಸ್ಕೃತಿ ಮತ್ತು ಚಿನ್ನ ಇವಿಷ್ಟನ್ನು ಬರೆಯುವುದು; ಕೊನೆಯ ಕಾಲಂನಲ್ಲಿ, ಆ ಅವಧಿಯಲ್ಲಿ ಯಾವ ಕೆಲಸ ಬೇಡವಾಗಿತ್ತು ಎಂಬುದನ್ನು ಒಂದು ಸಾಲಿನಲ್ಲಿ ದಾಖಲಿಸುವುದು. ಆಟ ಸುಧಾರಿಸಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಈ ನೋಟ್‌ಬುಕ್ಕಿನ ವಿಷಯ, ಏಕೆಂದರೆ ಇಂಥ ದೊಡ್ಡ ಆಟದಲ್ಲಿ ನೆನಪು ಗೆದ್ದ ಯುದ್ಧಗಳನ್ನಷ್ಟೇ ಇಟ್ಟುಕೊಳ್ಳುತ್ತದೆ, ಸುಮ್ಮನೆ ಕಳೆದ ಇಪ್ಪತ್ತು ಟರ್ನ್‌ಗಳನ್ನು ಇಟ್ಟುಕೊಳ್ಳುವುದಿಲ್ಲ.

ಕೊನೆಯ ಕಾಲಂನಲ್ಲಿ ಮೊದಲ ಆರು ಆಟಗಳಿಗೆ ಒಂದೇ ಶಬ್ದ ಬಂದಿತ್ತು: ಸ್ಟೋನ್‌ಹೆಂಜ್. ಜಗತ್ತಿನ ಅದ್ಭುತಗಳನ್ನು ಕಟ್ಟುವುದೆಂದರೆ ನನಗೆ ಬಲು ಪ್ರೀತಿ. ಆದರೆ ಸ್ಟೋನ್‌ಹೆಂಜ್‌ಗೆ 180 ಉತ್ಪಾದನೆ ಬೇಕು, ಮತ್ತು ಬೇರೆ ಯಾರಾದರೂ ಒಂದು ಟರ್ನ್ ಮೊದಲು ಮುಗಿಸಿದರೆ ಅದು ನಮಗೆ ದಕ್ಕುವುದಿಲ್ಲ. ಮೊದಲ ಸೆಟ್ಲರ್‌ಗೆ ಬೇಕಾಗುವುದು 80, ಎರಡನೆಯದಕ್ಕೆ 110. ರಾಜಧಾನಿ ಟರ್ನ್‌ಗೆ 9ರಂತೆ ಉತ್ಪಾದಿಸುತ್ತಿದ್ದರೆ ಸ್ಟೋನ್‌ಹೆಂಜ್‌ಗೆ ಇಪ್ಪತ್ತು ಟರ್ನ್ ಹಿಡಿಯುತ್ತದೆ, ಇಬ್ಬರು ಸೆಟ್ಲರ್‌ಗಳಿಗೆ ಇಪ್ಪತ್ತೆರಡು. ಕಾಲೊನೈಸೇಶನ್ ಎಂಬ ನೀತಿ ಕಾರ್ಡ್ ಹಾಕಿಕೊಂಡರೆ ಸೆಟ್ಲರ್‌ಗಳ ಉತ್ಪಾದನೆ ಶೇ. 50ರಷ್ಟು ಏರುವುದರಿಂದ ಅದೇ ಇಬ್ಬರು ಹದಿನೈದು ಟರ್ನ್‌ಗಳಲ್ಲಿ ಸಿದ್ಧರಾಗುತ್ತಾರೆ. ಈ ಕಾರ್ಡ್ ಸಂಸ್ಕೃತಿ ಬೆಳೆದಂತೆ ಬರುವ ಅರ್ಲಿ ಎಂಪೈರ್ ಎಂಬ ಹಂತದಲ್ಲಿ ಸಿಗುತ್ತದೆ, ಒಟ್ಟು ಜನಸಂಖ್ಯೆ 6 ಮುಟ್ಟಿಸಿದರೆ ಆ ಹಂತ ಬೇಗ ಮುಗಿಯುತ್ತದೆ. ಈ ಲೆಕ್ಕವನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಮಾಡಿ ನೋಡಿದ ದಿನದಿಂದ ಮೊದಲ ಎಂಬತ್ತು ಟರ್ನ್‌ಗಳಲ್ಲಿ ಅದ್ಭುತಗಳ ಗೊಡವೆಗೆ ನಾನು ಹೋಗಿಲ್ಲ.

ಆದರೆ ಊರುಗಳ ಸಂಖ್ಯೆ ಹೆಚ್ಚಿಸಿದ ಕೂಡಲೇ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಏಳನೇ ಆಟದಲ್ಲಿ 75ನೇ ಟರ್ನ್‌ಗೆ ಐದು ಊರುಗಳಾದವು, ವಿಜ್ಞಾನ ಮಾತ್ರ ಮೂರು ಊರುಗಳಿದ್ದಾಗಿನಷ್ಟೇ ಇತ್ತು. ಕಾರಣ ಹುಡುಕಲು ನಾನು ಎರಡನೇ ಊರನ್ನು ಕಟ್ಟಿದ ಟರ್ನ್‌ಗೆ ಹಿಂದಿರುಗಿದೆ. ವಜ್ರ ಮತ್ತು ಬೆಳ್ಳಿಯ ಎರಡು ಟೈಲ್‌ಗಳ (ನಕ್ಷೆಯ ಮನೆಗಳ) ಆಸೆಗೆ ಒಂದು ಬೋಳು ಗುಡ್ಡದ ಮೇಲೆ ಆ ಊರನ್ನು ಕಟ್ಟಿದ್ದೆ. ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ಕಡಲೂ ಇಲ್ಲ. ಸಿಹಿನೀರಿನ ಪಕ್ಕದ ಊರಿಗೆ ಆರಂಭದಲ್ಲಿ 5 ವಸತಿ (ಜನರಿಗೆ ಇರಲು ಜಾಗ), ಕಡಲಂಚಿನ ಊರಿಗೆ 3, ನೀರೇ ಇಲ್ಲದ ಊರಿಗೆ 2 ಎಂಬುದು ಆಟದ ನಿಯಮ. ಜನಸಂಖ್ಯೆ ವಸತಿಗಿಂತ ಒಂದೇ ಕಡಿಮೆಯಿರುವಾಗ ಬೆಳವಣಿಗೆ ಅರ್ಧಕ್ಕಿಳಿಯುತ್ತದೆ, ಎರಡೂ ಸಮವಾದಾಗ ಕಾಲು ಭಾಗಕ್ಕೆ. ಅಂದರೆ ನನ್ನ ಗುಡ್ಡದ ಊರು ಹುಟ್ಟಿದ ದಿನದಿಂದಲೇ ಅರ್ಧ ವೇಗದಲ್ಲಿ ಬೆಳೆಯುತ್ತಿತ್ತು, ಎರಡನೇ ಪ್ರಜೆ ಬಂದ ಮೇಲೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಹೊಳೆ ಅಲ್ಲಿಂದ ಎರಡೇ ಟೈಲ್ ದೂರದಲ್ಲಿ ಹರಿಯುತ್ತಿತ್ತು. ಊರೊಂದು ತನ್ನ ಸುತ್ತಲಿನ ಮೂರು ಟೈಲ್‌ಗಳ ತನಕ ದುಡಿಯಬಲ್ಲದಾದ್ದರಿಂದ ಹೊಳೆದಂಡೆಗೆ ಹೋಗಿ ಕಟ್ಟಿದ್ದರೂ ಆ ವಜ್ರದ ಟೈಲ್ ನಮ್ಮ ಕೈಗೆ ಸಿಗುತ್ತಿತ್ತು.

ನಳಕ್ಕೆ ನೀರು ಬರುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು ಬದುಕುವ ಊರಿನವನಾದ ನಾನು ನೀರಿಲ್ಲದ ಜಾಗದಲ್ಲಿ ಊರು ಕಟ್ಟಿದೆನಲ್ಲ ಎಂಬುದು ಮನಸ್ಸಿಗೆ ಬಹಳ ಹತ್ತಿತು. ಈಗ ಸೆಟ್ಲರ್‌ನನ್ನು ಆರಿಸಿದೊಡನೆ ನಕ್ಷೆಯ ಮೇಲೆ ಮೂಡುವ ಬಣ್ಣಗಳನ್ನು ಮೊದಲು ಓದುತ್ತೇನೆ: ಸಿಹಿನೀರಿನ ಟೈಲ್‌ಗಳು ಗಾಢ ಹಸಿರು, ಕಡಲಂಚಿನವು ತಿಳಿ ಹಸಿರು, ನೀರಿಲ್ಲದವು ಬೂದು.

ನಾನು ಹೆಚ್ಚಾಗಿ ಭಾರತವನ್ನು ಆರಿಸಿಕೊಂಡು, 2018ರ ರೈಸ್ ಅಂಡ್ ಫಾಲ್ ವಿಸ್ತರಣೆಯಲ್ಲಿ ಬಂದ ಚಂದ್ರಗುಪ್ತನಾಗಿ ಆಡುತ್ತೇನೆ. ಭಾರತಕ್ಕೆ ಈ ಆಟದಲ್ಲಿ ಮೆಟ್ಟಿಲುಬಾವಿ ಕಟ್ಟುವ ವಿಶೇಷ ಅವಕಾಶವಿದೆ. ನೀರಾವರಿ ವಿದ್ಯೆ ಬಂದೊಡನೆ ಅದನ್ನು ಕಟ್ಟಬಹುದು. ಒಂದು ಬಾವಿ 1 ಆಹಾರ, 1 ವಸತಿ ಕೊಡುತ್ತದೆ, ಹೊಲದ ಪಕ್ಕದಲ್ಲಿದ್ದರೆ ಇನ್ನೊಂದು ಆಹಾರ ಸೇರುತ್ತದೆ. ಗುಡ್ಡದ ಮೇಲೆ ಅದನ್ನು ಕಟ್ಟುವಂತಿಲ್ಲ, ಎರಡು ಬಾವಿಗಳನ್ನು ಒತ್ತೊತ್ತಾಗಿಯೂ ಕಟ್ಟುವಂತಿಲ್ಲ. 2019ರ ಗ್ಯಾದರಿಂಗ್ ಸ್ಟಾರ್ಮ್ ವಿಸ್ತರಣೆಯ ನಂತರ ಬರಗಾಲದಲ್ಲಿ ಆಹಾರ ನಷ್ಟವಾಗದಂತೆಯೂ ಅದು ಕಾಯುತ್ತದೆ. ಬಹಳ ದಿನ ಈ ಬಾವಿಯನ್ನು ನಾನು ಅಲಂಕಾರವೆಂದೇ ಎಣಿಸಿ ಬಿಟ್ಟಿದ್ದೆ. ಕಳೆದ ಮಾಘದಲ್ಲಿ ಮನೆಯವರೊಂದಿಗೆ ಲಕ್ಕುಂಡಿಗೆ ಹೋದಾಗ, ಇಲ್ಲಿಂದ 12 ಕಿಲೋಮೀಟರ್ ದಾರಿ, ಮಾಣಿಕೇಶ್ವರ ಗುಡಿಯ ಎದುರಿನ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಹೊತ್ತು ಕುಳಿತಿದ್ದೆ. ಕೆಳಗಿಳಿಯುವ ಮೆಟ್ಟಿಲ ಸಾಲು, ಗೋಡೆಯಲ್ಲಿ ಪುಟ್ಟ ಗುಡಿಗಳು, ತಳದಲ್ಲಿ ಹಸಿರು ನೀರು. ಹೊಳೆ ಕಾಣದ ಈ ಬಯಲಿನಲ್ಲಿ ಅಷ್ಟು ದೊಡ್ಡ ಲೊಕ್ಕಿಗುಂಡಿ (ಲಕ್ಕುಂಡಿಯ ಹಳೆಯ ಹೆಸರು) ನೆಲೆ ನಿಂತದ್ದು ಇಂಥ ಬಾವಿಗಳ ಆಸರೆಯಲ್ಲವೇ ಎಂದು ಅಲ್ಲಿ ಕುಳಿತಾಗ ಅನಿಸಿತು. ಆ ವಾರದಿಂದ ನನ್ನ ಪ್ರತಿ ಊರಿಗೂ ಹೊಲ, ಬಾವಿ ಮಾಡುವ ಕೆಲಸಗಾರ ಬಿಲ್ಡರ್‌ನ ಮೊದಲ ಕೆಲಸಗಳಲ್ಲಿ ಒಂದು ಬಾವಿಯಾಯಿತು, 100ನೇ ಟರ್ನ್‌ನ ಜನಸಂಖ್ಯೆಯ ಕಾಲಂನಲ್ಲಿ ಅದರ ಗುರುತು ಕಂಡಿತು.

ಜನಸಂಖ್ಯೆಯ ಮೇಲೆ ಇಷ್ಟು ಒತ್ತು ಕೊಡಲು ಕಾರಣವಿದೆ. ಒಬ್ಬೊಬ್ಬ ಪ್ರಜೆಯೂ ತನ್ನಷ್ಟಕ್ಕೆ ಅರ್ಧ ವಿಜ್ಞಾನ ಕೊಡುತ್ತಾನೆ ಎಂಬುದು ಒಂದು, ಊರಿನಲ್ಲಿ ಎಷ್ಟು ಡಿಸ್ಟ್ರಿಕ್ಟ್ (ವಿದ್ಯೆ, ವ್ಯಾಪಾರದಂಥ ಒಂದೊಂದು ಕೆಲಸಕ್ಕೆ ಮೀಸಲಾದ ಬಡಾವಣೆ) ಕಟ್ಟಬಹುದೆಂಬುದನ್ನು ನಿರ್ಧರಿಸುವುದು ಜನಸಂಖ್ಯೆಯೇ ಎಂಬುದು ಇನ್ನೊಂದು. ಮೊದಲ ಡಿಸ್ಟ್ರಿಕ್ಟ್‌ಗೆ ಒಬ್ಬ ಪ್ರಜೆ ಸಾಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಏಳು ಬೇಕು. ಇದರಲ್ಲಿ ಜಾಗದ ಆಯ್ಕೆ ಬಹಳ ದೊಡ್ಡ ಮಾತು. ವಿಜ್ಞಾನದ ಡಿಸ್ಟ್ರಿಕ್ಟ್ ಆದ ಕ್ಯಾಂಪಸ್ಸಿಗೆ ಪಕ್ಕದ ಪ್ರತಿಯೊಂದು ಪರ್ವತದಿಂದ 1 ವಿಜ್ಞಾನ ಬರುತ್ತದೆ. ನಾಲ್ಕು ಪರ್ವತಗಳು ಬಳಸಿ ನಿಂತ ಮೂಲೆಯೊಂದು ಸಿಕ್ಕರೆ ಯಾವ ಕಟ್ಟಡವೂ ಇಲ್ಲದೆ 4 ವಿಜ್ಞಾನ ಕೈಗೆ ಬರುತ್ತದೆ, ಅದರೊಳಗೆ ಕಟ್ಟುವ ಗ್ರಂಥಾಲಯ ಕೊಡುವುದು 2 ಮಾತ್ರ. ನ್ಯಾಚುರಲ್ ಫಿಲಾಸಫಿ ಎಂಬ ನೀತಿ ಕಾರ್ಡ್ ಹಾಕಿದರೆ ಆ ನಾಲ್ಕು ಎಂಟಾಗುತ್ತದೆ. ಇನ್ನೊಂದು ವಿಷಯವನ್ನು ನಾನು ತಡವಾಗಿ ಕಲಿತೆ. ನಮ್ಮ ವಿದ್ಯೆ ಮತ್ತು ಸಂಸ್ಕೃತಿ ಮುಂದುವರಿದಂತೆ ಡಿಸ್ಟ್ರಿಕ್ಟ್‌ಗಳ ವೆಚ್ಚ ಏರುತ್ತಾ ಹೋಗುತ್ತದೆ, ಆದರೆ ಜಾಗ ಗುರುತಿಸಿ ಕೆಲಸ ಆರಂಭಿಸಿಟ್ಟರೆ ಆ ದಿನದ ವೆಚ್ಚವೇ ಕಾಯಂ ಆಗುತ್ತದೆ. ಹೀಗಾಗಿ ಊರು ಕಟ್ಟಿದೊಡನೆ ಕ್ಯಾಂಪಸ್‌ನ ಜಾಗ ಗುರುತಿಸಿ, ಅಲ್ಲಿಗೇ ನಿಲ್ಲಿಸಿ, ಬಿಲ್ಡರ್ ಅಥವಾ ಸೆಟ್ಲರ್ ಮುಗಿಸಿ, ಆಮೇಲೆ ಅದಕ್ಕೆ ಮರಳುತ್ತೇನೆ.

ಒಂದು ಕೆಲಸ ಮಾಡಿದರೆ ಒಂದು ವಿದ್ಯೆಯ ವೆಚ್ಚ ತಗ್ಗಿಸುವ ಯುರೇಕಾಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಆದರೂ ಅವನ್ನು ಕಡೆಗಣಿಸಬಾರದು. ಮೂಲ ಆಟದಲ್ಲಿ ಶೇ. 50 ಇದ್ದ ಈ ಉಳಿತಾಯ ವಿಸ್ತರಣೆಗಳಲ್ಲಿ ಶೇ. 40ಕ್ಕೆ ಇಳಿಯಿತು, ಅದೂ ಸಣ್ಣದಲ್ಲ. ಕವಣೆಗಾರನಿಂದ ಒಂದು ಶತ್ರು ಸತ್ತರೆ ಬಿಲ್ಲುವಿದ್ಯೆ, ಕಲ್ಲುಗಣಿ ತೋಡಿದರೆ ಕಲ್ಲುಕೆಲಸ, ವ್ಯಾಪಾರದ ಮಾರ್ಗವೊಂದನ್ನು ನಡೆಸಿದರೆ ನಾಣ್ಯವಿದ್ಯೆ ಬೇಗ ಬರುತ್ತವೆ. ಹೇಗೂ ಮಾಡಲೇಬೇಕಾದ ಕೆಲಸಗಳಿವು; ಯಾವ ವಿದ್ಯೆಗೆ ಮೊದಲು ಯಾವ ಕೆಲಸ ಎಂಬ ಅನುಕ್ರಮವನ್ನಷ್ಟೇ ಸರಿಮಾಡಿಕೊಳ್ಳಬೇಕು. ಈಗ ಯುರೇಕಾ ಸಿಗದ ವಿದ್ಯೆಯನ್ನು ಅರ್ಧದಷ್ಟು ಕಲಿತು ಬದಿಗಿಟ್ಟು, ಸಿಕ್ಕ ಮೇಲೆ ಮುಗಿಸುತ್ತೇನೆ.

ಮೊದಲ ಸೈನಿಕನನ್ನು ನಾನು ದೂರ ಕಳುಹಿಸುವುದಿಲ್ಲ. ಬರ್ಬರರೆಂಬ ದಾಳಿಕೋರರ ಸ್ಕೌಟ್ (ಬೇಹಿನವನು) ನಮ್ಮ ಊರನ್ನು ಕಂಡಾಗ ಅವನ ತಲೆಯ ಮೇಲೆ ಕೆಂಪು ಆಶ್ಚರ್ಯಸೂಚಕ ಮೂಡುತ್ತದೆ, ಅವನು ತನ್ನ ಠಾಣೆಗೆ ಮರಳಿದರೆ ಕುದುರೆ ಸವಾರರೋ ಕಾಲಾಳುಗಳೋ ಗುಂಪಾಗಿ ಬರುತ್ತಾರೆ. ಹನ್ನೆರಡನೇ ಟರ್ನ್‌ನಲ್ಲಿ ಅಂಥ ಒಬ್ಬ ಸ್ಕೌಟ್‌ನನ್ನು ತಪ್ಪಿಸಿಕೊಂಡು ಹೋಗಲು ಬಿಟ್ಟು ಮೂವತ್ತನೇ ಟರ್ನ್‌ವರೆಗೆ ಸೆಟ್ಲರ್‌ನನ್ನು ಹೊರಗೆ ಕಳುಹಿಸಲಾಗದ ಆಟವೊಂದು ನೋಟ್‌ಬುಕ್ಕಿನ ನಾಲ್ಕನೇ ಪುಟದಲ್ಲಿದೆ.

ಹನ್ನೊಂದನೇ ಆಟಕ್ಕೆ ಕಿಂಗ್ ಹಂತವನ್ನು ಗೆದ್ದೆ, ಮರು ಆಟದಲ್ಲೂ ಗೆದ್ದೆ, ಆಮೇಲೆ ಎಂಪರರ್‌ಗೆ ಏರಿದೆ. ಅಲ್ಲಿ ಮೊದಲ ಎರಡು ಆಟ ಸೋತರೂ ಸೋಲಿನ ಬಗೆ ಬದಲಾಗಿತ್ತು; ಎಲ್ಲಿ ಹಿಂದೆ ಬಿದ್ದೆನೆಂಬುದನ್ನು ನೋಟ್‌ಬುಕ್ ತೆರೆದು ಬೆರಳಿಟ್ಟು ತೋರಿಸಬಲ್ಲವನಾಗಿದ್ದೆ. ಒಂದರಲ್ಲಿ ಊರುಗಳನ್ನು ತೀರ ದೂರದೂರ ಕಟ್ಟಿದ್ದೆ. ಒಂಬತ್ತು ಟೈಲ್‌ಗಳೊಳಗಿನ ಜನರ ಒತ್ತಡ ಊರಿನ ನಿಷ್ಠೆಯನ್ನು ತಮ್ಮ ರಾಜ್ಯದ ಕಡೆಗೆ ಎಳೆಯುತ್ತದೆಯಾದ್ದರಿಂದ ಗಡಿಯ ಊರೊಂದು ಯುದ್ಧವಿಲ್ಲದೆಯೇ ಕೈತಪ್ಪಿತ್ತು. ಈಗ ನಡುವೆ ಮೂರು ನಾಲ್ಕು ಟೈಲ್ ಬಿಟ್ಟು ಒತ್ತಾಗಿ ಕಟ್ಟುತ್ತೇನೆ. ಮೂರನೇ ಆಟವನ್ನು ವಿಜ್ಞಾನದ ಹಾದಿಯಲ್ಲಿ ಗೆದ್ದೆ.

ಈಗ ನಡೆದಿರುವುದು ಎಂಪರರ್‌ನ ಮೇಲಿನ ಇಮ್ಮಾರ್ಟಲ್ ಹಂತದ ಮೊದಲ ಆಟ. ನಿನ್ನೆ ರಾತ್ರಿ ಧಾರವಾಡದಿಂದ ಅಣ್ಣನ ಮಗನ ಫೋನ್ ಬಂತು. "ಕಾಕಾ, ಎಷ್ಟ್ ಆದವು?" ಎಂದು ಕೇಳಿದ. "ಏಳು ಆಗ್ಯಾವು. ನೂರಕ್ಕ ಇನ್ನ ಆರು ಟರ್ನ್ ಅದಾವು" ಎಂದೆ. ಎಂಟನೇ ಸೆಟ್ಲರ್ ಗುಡ್ಡದ ಇಳಿಜಾರಿನಲ್ಲಿ, ಹೊಳೆಗೆ ಎರಡು ಟೈಲ್ ದೂರದಲ್ಲಿ ನಿಂತಿದ್ದಾನೆ. ನಿಂತ ಜಾಗದಲ್ಲೇ ಕಟ್ಟಿದರೆ ಬೆಳ್ಳಿ ಕಾಲ ಕೆಳಗೇ ಇದೆ. ಇಂದು ರಾತ್ರಿ ಅವನನ್ನು ಹೊಳೆದಂಡೆಗೆ ನಡೆಸುತ್ತೇನೆ.